ಖಾಲಿ ಬಾಡಿಯ ಪಿಕಪ್ಪು

ಕರ್ನಾಟಕದ ರಸ್ತೆಗಳಲ್ಲಿ ಎರಡು ಜಾತಿಯ ಪಿಕಪ್ಪುಗಳು ಓಡಾಡುತ್ತವೆ. ಮೊದಲನೆಯದನ್ನು ನೀವು ದಿನಾ ನೋಡಿರ್ತೀರಿ. ಹಳದಿ ಬೋರ್ಡು, ಮುಂದೆ ನಿಂಬೆಹಣ್ಣು ಮೆಣಸಿನಕಾಯಿ, ಹಿಂದೆ ಮನೆದೇವರ ಹೆಸರು, ಬಾಡಿಯಲ್ಲಿ ಟೊಮ್ಯಾಟೊ ಕ್ರೇಟೋ, ಸಿಮೆಂಟೋ, ಒಮ್ಮೊಮ್ಮೆ ಕಣ್ಣು ಪಿಳಿಪಿಳಿ ಬಿಡುತ್ತಾ ನಿಂತ ಒಂದು ಎಮ್ಮೆಯೋ. ಎರಡನೆಯದು ಅಪರೂಪ. ಬಿಳಿ ಬೋರ್ಡು, ಎದೆಮಟ್ಟದ ಬಾನೆಟ್ಟು, ದಪ್ಪ ಹಲ್ಲಿನ ಟೈರು, ನಾಲ್ಕು ಬಾಗಿಲು, ಒಳಗೆ ಐದು ಸೀಟು, ಹಿಂದೆ ಒಂದು ಬಾಡಿ. ಬಾಡಿಯಲ್ಲಿ ಏನೂ ಇರಲ್ಲ. ಸಿಗ್ನಲ್ಲಿನಲ್ಲಿ ಪಕ್ಕ ಬಂದು ನಿಂತರೆ ಬೈಕಿನವರೆಲ್ಲ ತಿರುಗಿ ನೋಡುತ್ತಾರೆ. ನಾನೂ ನೋಡುತ್ತೇನೆ.

ಈ ಬರಹ ಎರಡನೆಯ ಜಾತಿಯ ಬಗ್ಗೆ. ಗಾಡಿ ಹೇಗಿದೆ, ಇಂಜಿನ್ ಎಂಥದು, ಮೈಲೇಜ್ ಎಷ್ಟು ಅಂತ ಹೇಳೋರು ಬೇಕಾದಷ್ಟು ಜನ ಇದ್ದಾರೆ, ಅವರ ಕೆಲಸ ಅವರು ಚೆನ್ನಾಗೇ ಮಾಡ್ತಾರೆ. ನಾನು ವಿಮರ್ಶೆ ಮಾಡಬೇಕು ಅಂತಿರೋದು ಆ ಗಾಡಿಯ ಮೇಲಿನ ಆಸೆಯನ್ನ. ಹೊರಗೆ ನಿಂತು ಬೈಯೋ ವಿಮರ್ಶೆ ಅಲ್ಲ ಇದು. ಆ ಆಸೆ ನನಗೂ ಇದೆ. ಹೊಸನಗರ ತಾಲ್ಲೂಕಿನ ಒಂದು ಒಂಟಿಮನೆಯಲ್ಲಿ ಬೆಳೆದು, ಬಿಇ ಮುಗಿಸಿ, ಹದಿಮೂರು ವರ್ಷದಿಂದ ಬೆಂಗಳೂರಿನಲ್ಲಿ ಕೋಡ್ ಬರೆದುಕೊಂಡಿರೋ ಮನುಷ್ಯ ನಾನು. ನನ್ನ ಲ್ಯಾಪ್‌ಟಾಪಿನಲ್ಲಿ ‘ಪಿಕಪ್’ ಅನ್ನೋ ಹೆಸರಿನ ಒಂದು ಎಕ್ಸೆಲ್ ಶೀಟ್ ಇದೆ. ಎರಡು ವರ್ಷದಿಂದ ಅದಕ್ಕೆ ಸಾಲು ಸೇರಿಸ್ತಾ ಬಂದಿದ್ದೇನೆ.

ಮೊದಲು ಆಸೆಯ ಪರವಾಗಿ ನಾಲ್ಕು ಮಾತು ಹೇಳಿಬಿಡ್ತೀನಿ.

ಹಳ್ಳಿಯಿಂದ ಬಂದವರಿಗೆ ಕಾರು ಅಂದ್ರೆ ಒಳಗೊಳಗೇ ಸ್ವಲ್ಪ ಮುಜುಗರ. ಊರಿಗೆ ಹೋದಾಗ ಕಾರು ನೆಂಟನ ಥರ. ಮಳೆಗಾಲದಲ್ಲಿ ಅಂಗಳದವರೆಗೆ ಬರಲ್ಲ. ಟಾರು ರಸ್ತೆಯ ಪಕ್ಕ ಯಾರದೋ ಮನೆ ಮುಂದೆ ನಿಲ್ಲಿಸಿ, ಬ್ಯಾಗು ತಲೆ ಮೇಲೆ ಇಟ್ಟುಕೊಂಡು ನಡೀಬೇಕು. ಬಂದಮೇಲೂ ಅದರಿಂದ ಉಪಕಾರ ಇಲ್ಲ. ಗೊಬ್ಬರದ ಚೀಲ ಇಡೋಣ ಅಂದ್ರೆ ಸೀಟು ಹಾಳಾಗತ್ತೆ, ಬಾಳೆಗೊನೆ ಇಡೋಣ ಅಂದ್ರೆ ಸೊನೆ ಕಲೆ ಆಗತ್ತೆ. ಪಿಕಪ್ ಹಾಗಲ್ಲ. ಅಂಗಳಕ್ಕೇ ಬರತ್ತೆ, ಏನು ಹಾಕಿದ್ರೂ ಬೇಜಾರು ಮಾಡಿಕೊಳ್ಳಲ್ಲ. ಪೇಟೆ ಸೇರಿದ ಮಗನ ಮೇಲೆ ಊರಿಗೆ ಒಂದು ಸಣ್ಣ ಅನುಮಾನ ಇದ್ದೇ ಇರತ್ತೆ: ಇವನ ಕೈಯಲ್ಲಿ ಇನ್ನೇನಾದ್ರೂ ಕೆಲಸ ಆಗತ್ತಾ ಅಂತ. ಪಿಕಪ್ ಅದಕ್ಕೆ ಉತ್ತರ ಕೊಡೋ ಹಾಗೆ ಕಾಣತ್ತೆ. ‘ನೋಡಿ, ನಾನು ಬರೀ ಹಬ್ಬಕ್ಕೆ ಬಂದು ಹೋಗೋನಲ್ಲ’ ಅಂತ ನಮ್ಮ ಪರವಾಗಿ ಗಾಡಿ ಮಾತಾಡತ್ತೆ. ಇಂಜಿನ್ನು, ಟಾರ್ಕು ಎಲ್ಲ ಆಮೇಲೆ. ನಮ್ಮಂಥವರು ದುಡ್ಡು ಕೊಡೋಕೆ ತಯಾರಿರೋದು ಈ ಮಾತಿಗೆ.

ಈ ಆಸೆಗೆ ಒಳ್ಳೆಯ ಮನೆತನವೂ ಇದೆ. ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಗಾಡಿಗೆ ಕಾರ್ಖಾನೆಯಲ್ಲೇ ಪಿಕಪ್ ಬಾಡಿ ಕೂರಿಸಿ ಮಾರೋಕೆ ಶುರು ಮಾಡಿದ್ದು 1925ರಲ್ಲಿ. ಅದಕ್ಕಿಂತ ನನಗೆ ಇಷ್ಟವಾದ ಕಥೆ ಆಸ್ಟ್ರೇಲಿಯಾದ್ದು. ಅಲ್ಲಿನ ವಿಕ್ಟೋರಿಯಾ ಪ್ರಾಂತ್ಯದ ಒಬ್ಬ ರೈತನ ಹೆಂಡತಿ 1930ರ ದಶಕದ ಆರಂಭದಲ್ಲಿ ಫೋರ್ಡ್‌ಗೆ ಒಂದು ಕಾಗದ ಬರೆದಳಂತೆ. ಭಾನುವಾರ ಚರ್ಚಿಗೆ ನೆನೆಯದೆ ಹೋಗಬೇಕು, ಸೋಮವಾರ ಅದೇ ಗಾಡಿಯಲ್ಲಿ ಹಂದಿಗಳನ್ನು ಸಂತೆಗೆ ಸಾಗಿಸಬೇಕು, ಅಂಥದ್ದೊಂದು ಮಾಡಿಕೊಡಿ ಅಂತ. ಜೀಲಾಂಗ್ ಕಾರ್ಖಾನೆಯಲ್ಲಿ ಲೂಯಿಸ್ ಬ್ಯಾಂಟ್ ಅನ್ನೋ ಯುವಕ ಮುಂದೆ ಕಾರು, ಹಿಂದೆ ಸಾಮಾನಿನ ಬಾಡಿ ಎರಡನ್ನೂ ಒಂದೇ ಮೈಯಾಗಿ ಬೆಸೆದು ಗಾಡಿ ರೂಪಿಸಿದ. 1934ರಲ್ಲಿ ಅದು ರಸ್ತೆಗೆ ಬಂತು. ಆಸ್ಟ್ರೇಲಿಯಾದವರು ಇವತ್ತಿಗೂ ಪಿಕಪ್ಪನ್ನು ‘ಯೂಟ್’ ಅಂತ ಪ್ರೀತಿಯಿಂದ ಕರೆಯೋದು ಆ ಸಂಬಂಧದಲ್ಲೇ.

ಆ ಹೆಂಗಸು ಕೇಳಿದ್ದನ್ನ ಸರಿಯಾಗಿ ಗಮನಿಸಿ. ಅವಳಿಗೆ ಎರಡು ದಿನವೂ ಬೇಕಿತ್ತು. ಭಾನುವಾರವೂ ಬೇಕು, ಸೋಮವಾರವೂ ಬೇಕು. ಎರಡು ಗಾಡಿ ಕೊಳ್ಳೋ ಶಕ್ತಿ ಇಲ್ಲದ ಮನೆಯ ಜಾಣತನ ಅದು. ಪಿಕಪ್ಪಿನ ನಿಜವಾದ ಚೆಲುವು ಇರೋದು ಅಲ್ಲೇ. ಸೋಮವಾರ ಹೊಲಸು ಮಾಡಿಕೊಂಡು, ತೊಳೆಸಿಕೊಂಡು, ಭಾನುವಾರ ದೇವಸ್ಥಾನದ ಮುಂದೆ ನಿಲ್ಲೋ ಗಾಡಿ.

ಟೊಯೊಟಾದ ಹೈಲಕ್ಸ್ ಹುಟ್ಟಿದ್ದು 1968ರಲ್ಲಿ. ಅದಕ್ಕೂ ಹೆಸರು ಬಂದಿದ್ದು ದುಡಿಮೆಯಿಂದಲೇ. ಆಫ್ರಿಕಾದ ಮರಳುಗಾಡಿನಲ್ಲಿ, ಥಾಯ್ಲೆಂಡಿನ ಗದ್ದೆ ಸಾಲಿನಲ್ಲಿ, ಆಸ್ಟ್ರೇಲಿಯಾದ ಕುರಿಕಾವಲಿನಲ್ಲಿ ಅದು ಕೂಲಿಯಾಳಿನ ಹಾಗೆ ಗೇಯ್ದಿದೆ. 1987ರಲ್ಲಿ ಬಡ ದೇಶ ಚಾಡ್, ಟ್ಯಾಂಕುಗಳಿದ್ದ ಲಿಬಿಯಾದ ಸೈನ್ಯವನ್ನ ಟೊಯೊಟಾ ಪಿಕಪ್ಪುಗಳ ಮೇಲೆ ಕೂತು ಓಡಿಸಿತು. ಆ ಜಗಳಕ್ಕೆ ‘ಟೊಯೊಟಾ ಯುದ್ಧ’ ಅಂತಲೇ ಹೆಸರಾಯ್ತು. 2003ರಲ್ಲಿ ಬ್ರಿಟನ್ನಿನ ‘ಟಾಪ್ ಗೇರ್’ ಟಿ.ವಿ. ಕಾರ್ಯಕ್ರಮದವರು ಒಂದು ಹಳೇ ಹೈಲಕ್ಸನ್ನು ಸಮುದ್ರದಲ್ಲಿ ಮುಳುಗಿಸಿ, ಬೆಂಕಿ ಹಚ್ಚಿ, ಕೆಡವುತ್ತಿದ್ದ ಬಹುಮಹಡಿ ಕಟ್ಟಡದ ಮೇಲಿಟ್ಟು ಬೀಳಿಸಿದರು. ಅದು ಆಮೇಲೂ ಸ್ಟಾರ್ಟ್ ಆಯ್ತು. ಇಂಥದ್ದೆಲ್ಲ ಹುಡುಗಾಟದ ವಯಸ್ಸಿನಲ್ಲಿ ನೋಡಿದವನಿಗೆ ಮೂವತ್ತೈದರಲ್ಲಿ ಆಸೆ ಹುಟ್ಟದೇ ಇನ್ನೇನು ಹುಟ್ಟತ್ತೆ?

ನಮ್ಮ ದೇಶಕ್ಕೆ ಪಿಕಪ್ ಹೊಸದೇನಲ್ಲ. 1988ರಲ್ಲಿ ಟಾಟಾ ಮೊಬೈಲ್ ಬಂತು, ಆಮೇಲೆ ಟಾಟಾ 207, ಮಹೀಂದ್ರಾ ಪಿಕಪ್ಪುಗಳು. ಅವೆಲ್ಲ ಸೋಮವಾರದ ಗಾಡಿಗಳು. ಭಾನುವಾರದ್ದು ಬಂದಿದ್ದು ಈಚೆಗೆ. 2016ರಲ್ಲಿ ಇಸುಜು ಕಂಪನಿ ಆಂಧ್ರದ ಶ್ರೀಸಿಟಿಯಲ್ಲಿ ತಯಾರಿಸಿದ ಡಿ-ಮ್ಯಾಕ್ಸ್ ವಿ-ಕ್ರಾಸನ್ನ ಬಿಟ್ಟಿತು. 2022ರಲ್ಲಿ ಹೈಲಕ್ಸ್ ಬಂತು, ಅದೂ ನಮ್ಮ ಬಿಡದಿಯಲ್ಲೇ ಜೋಡಣೆಯಾಗಿ. ಆಗ ಹೈಲಕ್ಸಿನ ಆರಂಭದ ಬೆಲೆ 33.99 ಲಕ್ಷ. ಬಾಳೆಗೊನೆಯ ಸೊನೆ ಬಿದ್ದರೆ ಬೇಜಾರು ಮಾಡಿಕೊಳ್ಳದ ಗಾಡಿ ಅಂದೆನಲ್ಲ, ಗಾಡಿ ಮಾಡಿಕೊಳ್ಳದೇ ಇರಬಹುದು. 34 ಲಕ್ಷ ಕೊಟ್ಟವನು ಮಾಡಿಕೊಳ್ಳದೇ ಇರ್ತಾನಾ?

ಈ ಥರದ ಗಾಡಿಗಳ ಜಾಹೀರಾತನ್ನು ಒಂದು ಸಲ ಸದ್ದು ತೆಗೆದು ನೋಡಿ. ಯಾವ ಕಂಪನಿಯದಾದರೂ ಆಗಲಿ, ಚಿತ್ರ ಹೆಚ್ಚುಕಮ್ಮಿ ಒಂದೇ. ಬೆಟ್ಟ ಇರತ್ತೆ, ಹೊಳೆ ಇರತ್ತೆ, ಕೆಸರು ಇರತ್ತೆ. ಗಾಡಿ ಒಂದೇ ಒಂದು ಇರತ್ತೆ. ಹಿಂದಿನ ಬಾಡಿಯಲ್ಲಿ ಟೆಂಟು ಅಥವಾ ಸೈಕಲ್ಲು. ಬೈಕೊಂದು ಇದ್ದರೆ ಅದೇ ಹೆಚ್ಚು. ಮೂರು ವಸ್ತುಗಳು ಮಾತ್ರ ಯಾವತ್ತೂ ಕಾಣಲ್ಲ. ಒಂದು, ಆ ಬೆಟ್ಟದಲ್ಲಿ ಬದುಕೋ ಜನ. ಎರಡು, ಹೊರೆ. ಮೂರು, ಆ ದಾರಿ ಅಷ್ಟು ಕೆಟ್ಟದಾಗಿ ಯಾಕಿದೆ ಅನ್ನೋ ಪ್ರಶ್ನೆ. ನಮ್ಮೂರಿನವನಾಗಿ ನನಗೆ ಇದು ವಿಚಿತ್ರ ಅನ್ನಿಸತ್ತೆ. ಅಂಥ ದಾರಿಯಲ್ಲಿ ನಮ್ಮೂರಿನ ಗಾಡಿ ಹೊರಟರೆ ಖಾಲಿ ಹೋಗೋದೇ ಇಲ್ಲ. ‘ಪೇಟೆಗೆ ಹೊಂಟ್ಯನಾ? ಹಂಗಾದ್ರೆ ಈ ಹಾಲಿನ ಕ್ಯಾನು ಇಳ್ಸು’ ಅಂತ ಒಬ್ಬರು, ‘ಮಗುವಿಗೆ ಜ್ವರ, ನಾವೂ ಬರ್ತೀವಿ’ ಅಂತ ಇನ್ನೊಬ್ಬರು. ಜಾಹೀರಾತಿನ ಪಿಕಪ್ಪಿಗೆ ಯಾರೂ ಕೈ ಅಡ್ಡ ಹಿಡಿಯಲ್ಲ. ನಾವು ಬಿಟ್ಟು ಬಂದ ಊರನ್ನೇ ಅವರು ನಮಗೆ ವಾಪಸ್ ಮಾರ್ತಿದ್ದಾರೆ, ಜನ ಮತ್ತು ಕೆಲಸ ಎರಡನ್ನೂ ತೆಗೆದು.

ಇರಲಿ. ಇಂಜಿನಿಯರ್ ಅಂದಮೇಲೆ ಲೆಕ್ಕ ಹಾಕಲೇಬೇಕು. ಎಕ್ಸೆಲ್ ಶೀಟಿಗೆ ಬರೋಣ.

ಮೊದಲ ಸಾಲು ಹೊರೆ. ಬೊಲೆರೊ ಪಿಕಪ್ಪಿನ ಹೆಸರಿನ ಜೊತೆಗೇ 1.3 ಟನ್, 1.7 ಟನ್ ಅಂತ ಬರೆದಿರತ್ತೆ; ಅದರ ಯೋಗ್ಯತೆ ಅದು. ಅದಕ್ಕಿಂತ ಮೂರು ಪಾಲು ಬೆಲೆಯ ಬಿಳಿ ಬೋರ್ಡಿನ ಪಿಕಪ್ಪಿಗೆ ಇಲ್ಲಿ ಕಂಪನಿಯೇ ಹೇಳೋ ಹೊರೆ ಅರ್ಧ ಟನ್ನೂ ದಾಟಲ್ಲ. ಯೂರಿಯಾ ಚೀಲ ಈಗ 45 ಕೆ.ಜಿ. ಹತ್ತು ಚೀಲ ಹಾಕಿದರೆ 450 ಆಯ್ತು. ಆಮೇಲೆ ಒಳಗೆ ಕೂರೋರು ಯಾರು ಅಂತ ಮನೆಯಲ್ಲಿ ಚರ್ಚೆ ಮಾಡಬೇಕು. ನಮ್ಮ ಎರಡೂವರೆ ಎಕರೆ ತೋಟದ ಒಂದು ಕೊಯ್ಲಿನ ಹಸಿ ಅಡಿಕೆಗೊನೆ ಸಾಗಿಸೋಕೇ ಇದು ನಾಲ್ಕಾರು ಸಲ ತಿರುಗಬೇಕು.

ಎರಡನೆಯ ಸಾಲು ಉದ್ದ. ಹೈಲಕ್ಸ್ 5.3 ಮೀಟರ್ ಉದ್ದ ಇದೆ. ಇನ್ನೋವಾ ಕ್ರಿಸ್ಟಾಗಿಂತ ಅರ್ಧ ಮೀಟರಿಗೂ ಹೆಚ್ಚು ಉದ್ದ. ವಿ-ಕ್ರಾಸೂ ಅಷ್ಟೇ. ನಾನು ಟೇಪು ಹಿಡಿದು ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನನ್ನ ಪಾಲಿನ ಜಾಗ ಅಳೆದೆ. ಗಾಡಿಯ ಮೂತಿ ಓಡಾಡೋ ದಾರಿಗೆ ಬರತ್ತೆ. ತಿರುಗಿಸೋ ತ್ರಿಜ್ಯ 6.4 ಮೀಟರ್, ಒಂದೇ ಏಟಿಗೆ ಯೂ ಟರ್ನ್ ಹೊಡೀಬೇಕು ಅಂದ್ರೆ ಹತ್ತಿರ ಹತ್ತಿರ 13 ಮೀಟರ್ ಅಗಲದ ರಸ್ತೆ ಬೇಕು. ಬೆಂಗಳೂರಿನಲ್ಲಿ ನನ್ನ ಮನೆಯಿಂದ ಆಫೀಸಿನವರೆಗೆ ಅಂಥ ಜಾಗ ಒಂದೇ ಕಡೆ ಇದೆ, ಅಲ್ಲಿ ಯೂ ಟರ್ನ್ ನಿಷೇಧ.

ಮೂರನೆಯದು ಸವಾರಿ. ಇವುಗಳ ಹಿಂದಿನ ಆಕ್ಸಲ್ಲಿಗೆ ಲಾರಿಯ ಹಾಗೆ ಪ್ಲೇಟು ಸ್ಪ್ರಿಂಗು ಇರತ್ತೆ. ಮೇಲೆ ಭಾರ ಕೂತರೆ ಪ್ಲೇಟು ಹದವಾಗಿ ಬಾಗತ್ತೆ, ಗಾಡಿ ಗಂಭೀರವಾಗಿ ಹೋಗತ್ತೆ. ಖಾಲಿ ಇದ್ದರೆ ಬಾಗೋಕೆ ಭಾರವೇ ಇಲ್ಲ, ಪ್ರತಿ ಗುಂಡಿಗೂ ಹಿಂಭಾಗ ಹಾರತ್ತೆ. ನನ್ನ ಜೊತೆ ಪ್ರೈಮರಿಯಲ್ಲಿ ಓದಿದ ಗೆಳೆಯನೊಬ್ಬ ಊರಿನಲ್ಲಿ ಬಾಡಿಗೆ ಪಿಕಪ್ ಇಟ್ಟುಕೊಂಡಿದ್ದಾನೆ. ಅವನನ್ನ ಕೇಳಿದ್ದಕ್ಕೆ, ‘ಖಾಲಿ ಗಾಡಿ ಕುಣೀತದೆ ಮಾರಾಯ. ನಾಲ್ಕು ಮೂಟೆ ಬಿತ್ತು ಅಂದ್ರೆ ಮಲಗ್ತದೆ’ ಅಂದ. ನಾನು ಮೂರು ಲೇಖನ ಓದಿ ತಿಳಕೊಂಡಿದ್ದನ್ನ ಅವನು ಎರಡು ವಾಕ್ಯದಲ್ಲಿ ಮುಗಿಸಿದ. ಹೊರೆಗಾಗಿ ಹುಟ್ಟಿದ ಗಾಡಿಯನ್ನು ಹೊರೆಯಿಲ್ಲದೆ ಓಡಿಸೋಕೆ ನಾವು ಹೆಚ್ಚು ದುಡ್ಡು ಕೊಡ್ತಿದ್ದೇವೆ.

ನಾಲ್ಕನೆಯದು ದುಡ್ಡು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಖಾಸಗಿ ಗಾಡಿಗೆ ಆಜೀವ ತೆರಿಗೆ ಶೇ 18. 34 ಲಕ್ಷದ ಗಾಡಿಗೆ ತೆರಿಗೆಯೇ ಆರು ಲಕ್ಷ ದಾಟತ್ತೆ. ಅದು ಕಟ್ಟಿ, ಇನ್ಶೂರೆನ್ಸ್ ಕಟ್ಟಿ, 30 ಲಕ್ಷ ಮಾತ್ರ ಸಾಲ ಮಾಡಿದೆ ಅಂತಿಟ್ಟುಕೊಳ್ಳಿ. ಶೇ 9ರ ಬಡ್ಡಿಗೆ ಏಳು ವರ್ಷದ ಕಂತು ತಿಂಗಳಿಗೆ ಸುಮಾರು 48 ಸಾವಿರ. ನನ್ನ ಗೆಳೆಯ ನಮ್ಮ ಮನೆಯಿಂದ ಪೇಟೆಗೆ ಒಂದು ಟ್ರಿಪ್ಪಿಗೆ ಎರಡು ಸಾವಿರ ತಗೊಳ್ತಾನೆ. ಅಂದ್ರೆ ನನ್ನ ಒಂದು ತಿಂಗಳ ಕಂತಿಗೆ ಅವನ ಇಪ್ಪತ್ತನಾಲ್ಕು ಟ್ರಿಪ್ಪು. ನಮ್ಮ ಮನೆಗೆ ಇಡೀ ವರ್ಷಕ್ಕೆ ಅಷ್ಟು ಬೇಕಾಗಲ್ಲ. ಅವನ ಟ್ರಿಪ್ಪಿನಲ್ಲಿ ಡ್ರೈವರು, ಲೋಡು ಹಾಕೋ ಕೈ, ಟಾರ್ಪಾಲು, ಹಗ್ಗ, ಮಂಡಿಯಲ್ಲಿ ಯಾರನ್ನ ಮಾತಾಡಿಸಬೇಕು ಅನ್ನೋ ತಿಳುವಳಿಕೆ ಎಲ್ಲ ಸೇರಿರತ್ತೆ. ನನ್ನ ಗಾಡಿಯಲ್ಲಿ ಬ್ಲೂಟೂತ್ ಇರತ್ತೆ.

‘ಆಫ್‌ರೋಡ್ ಮರೆತ್ಯಲ್ಲೋ’ ಅಂತ ನೀವು ಕೇಳಬಹುದು. ಮರೆತಿಲ್ಲ. ನಾಲ್ಕೂ ಚಕ್ರಕ್ಕೆ ಎಳೆತ, ಲೋ ರೇಂಜ್ ಗೇರು, ಡಿಫರೆನ್ಷಿಯಲ್ ಲಾಕು, ಇವೆಲ್ಲ ನಿಜವಾದ ಉಪಕಾರಗಳು. ಒಂದು ಚಕ್ರ ಗಾಳಿಯಲ್ಲಿ ಸುಮ್ಮನೆ ತಿರುಗ್ತಿದ್ರೆ ಲಾಕು ಹಾಕಿದ ತಕ್ಷಣ ನೆಲಕ್ಕೆ ಅಂಟಿರೋ ಇನ್ನೊಂದು ಚಕ್ರಕ್ಕೂ ಶಕ್ತಿ ಹೋಗತ್ತೆ, ಗಾಡಿ ಎದ್ದು ಬರತ್ತೆ. ನೋಡೋಕೇ ಖುಷಿ. ಆದರೆ ನಮ್ಮ ಮಲೆನಾಡಿನಲ್ಲಿ ಮಳೆಗಾಲದ ಕಷ್ಟ ಇರೋದು ಹತ್ತೋದರಲ್ಲಿ ಅರ್ಧ, ಇಳಿಯೋದರಲ್ಲಿ ಅರ್ಧ. ಜಂಬಿಟ್ಟಿಗೆ ಮಣ್ಣು ನೆನೆದು ಪಾಚಿ ಕಟ್ಟಿದ ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗ ಫೋರ್ ವೀಲ್ ಗಾಡಿಯೂ ಒಂದೇ, ನ್ಯಾನೋನೂ ಒಂದೇ. ನಿಲ್ಲಿಸೋದು ಟೈರಿನ ಹಿಡಿತ ಮಾತ್ರ. ಗಾಡಿಯ ತೂಕ ಎರಡು ಟನ್ ಇದ್ದರೆ ಜಾರಿದ ಮೇಲೆ ಅದು ನಿಮ್ಮ ಮಾತು ಕೇಳಲ್ಲ.

ಕೊಡಚಾದ್ರಿಗೆ ಹೋದವರು ಅಲ್ಲಿನ ಜೀಪುಗಳನ್ನ ನೋಡಿರ್ತೀರಿ. 1343 ಮೀಟರ್ ಎತ್ತರದ ಆ ಬೆಟ್ಟಕ್ಕೆ, ರಸ್ತೆ ಅಂತ ಕರೆಯೋಕೆ ಧೈರ್ಯ ಬೇಕಾದ ದಾರಿಯಲ್ಲಿ, ಹಳೇ ಜೀಪುಗಳಲ್ಲಿ ಜನರನ್ನ ತುಂಬಿಕೊಂಡು ದಿನಕ್ಕೆ ಹತ್ತಾರು ಸಲ ಹತ್ತಿ ಇಳೀತಾರೆ. ಆ ಜೀಪಿನಲ್ಲಿ ಏರ್‌ಬ್ಯಾಗಿಲ್ಲ, ಪರದೆಯಿಲ್ಲ, ಕೆಲವಕ್ಕೆ ಬಾಗಿಲೂ ಇಲ್ಲ. ಮಲೆನಾಡಿನ ಜೀಪಿನವರಿಗೆ ಮಳೆ ಜೋರಾದರೆ ಚಕ್ರಕ್ಕೆ ಚೈನು ಸುತ್ತೋದು ಗೊತ್ತು. ಯಾವ ತಿರುವಿನಲ್ಲಿ ಯಾವ ಕಲ್ಲಿನ ಮೇಲೆ ಚಕ್ರ ಇಡಬೇಕು ಅನ್ನೋದು ಗೊತ್ತು. ಆಫ್‌ರೋಡ್ ಅನ್ನೋ ಮಾತಿನ ಬಹುಪಾಲು ಗಾಡಿಯಲ್ಲಿಲ್ಲ, ದಿನಾ ಅದೇ ದಾರಿಯಲ್ಲಿ ಹೋಗೋ ಮನುಷ್ಯನಲ್ಲಿದೆ. ನಾನು ವರ್ಷಕ್ಕೆ ಆರು ಸಲ ಊರಿಗೆ ಹೋಗ್ತೀನಿ. ಅದರಲ್ಲಿ ಮಳೆಗಾಲದ್ದು ಎರಡು. ಫೋರ್ ವೀಲ್ ಹಾಕೋ ಅಗತ್ಯ ಇರೋದು ಒಂದೂವರೆ ಕಿಲೋಮೀಟರ್. ಗುಣಿಸಿ ನೋಡಿ.

ಇನ್ನು ಹವ್ಯಾಸಕ್ಕೆ ಅಂತ ಕೊಳ್ಳೋರ ಬಗ್ಗೆ ನನಗೆ ತಕರಾರಿಲ್ಲ. ಕ್ಯಾಮೆರಾಗೆ ಐದು ಲಕ್ಷ ಹಾಕೋರಿದ್ದಾರೆ, ಗಾಡಿಗೆ 40 ಲಕ್ಷ ಹಾಕೋರಿದ್ದಾರೆ, ದುಡಿದ ದುಡ್ಡು ಅವರದು. ‘ಇಷ್ಟ, ಅದಕ್ಕೇ ತಗೊಂಡೆ’ ಅಂದರೆ ಮಾತು ಮುಗೀತು. ಹೊಳೆಯ ಪಾತ್ರಕ್ಕೂ ಬೆಟ್ಟದ ಹುಲ್ಲುಗಾವಲಿಗೂ ಗಾಡಿ ಇಳಿಸದಿದ್ದರೆ ಆಯ್ತು. ಒಂದು ಮಳೆಗಾಲದ ಚಕ್ರದ ಗುರುತು ಮುಂದಿನ ಮಳೆಗಾಲಕ್ಕೆ ಚರಂಡಿಯಾಗತ್ತೆ, ಅದರ ಕೆಳಗಿನ ಗದ್ದೆಯವನಿಗೆ ಅದು ಹವ್ಯಾಸ ಅಲ್ಲ. ತೋಟದಲ್ಲೇ ಇದ್ದು, ಕಾಫಿ ಎಸ್ಟೇಟಿನ ಒಳದಾರಿಗಳಲ್ಲಿ ದಿನಾ ಓಡಾಡಿ, ಅದೇ ಗಾಡಿಯಲ್ಲಿ ಮನೆಯವರನ್ನೂ ಕರ್ಕೊಂಡು ಹೋಗೋ ಸಕಲೇಶಪುರ, ಮೂಡಿಗೆರೆ ಕಡೆಯವರಿಗೂ ಇದು ಸರಿಯಾದ ಗಾಡಿಯೇ. ಅವರಿಗೆ ಭಾನುವಾರವೂ ಇದೆ, ಸೋಮವಾರವೂ ಇದೆ. ನನ್ನ ತಕರಾರು ನನ್ನಂಥವರ ನೆಪದ ಬಗ್ಗೆ. ‘ಊರಿಗೆ ಬೇಕಾಗತ್ತೆ’ ಅನ್ನೋ ನೆಪ.

ಈ ನೆಪಕ್ಕೆ ಒಂದು ಗಟ್ಟಿ ಆಧಾರ ಇದೆ, ಅದನ್ನ ಹಗುರ ಮಾಡಬಾರದು. ಅಪ್ಪಯ್ಯನಿಗೆ ಅರವತ್ತೆಂಟು. ನಮ್ಮ ಮನೆಗೂ ಟಾರು ರಸ್ತೆಗೂ ನಡುವೆ ಒಂದೂವರೆ ಕಿಲೋಮೀಟರ್ ಮಣ್ಣುದಾರಿ, ಮಧ್ಯೆ ಒಂದು ಹಳ್ಳ. ಆ ದಾರಿಯಲ್ಲಿ ಏಳು ಮನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳ್ಳ ತುಂಬಿದ ದಿನ ಯಾವ ಗಾಡಿಯೂ ದಾಟಲ್ಲ. ಕೊಳೆರೋಗಕ್ಕೆ ಔಷಧಿ ಹೊಡೆಯೋ ಕಾಲವೂ ಅದೇ. ಮೈಲುತುತ್ತ, ಸುಣ್ಣ ತಲೆಹೊರೆಯಲ್ಲೇ ಬರಬೇಕು. 108 ಆಂಬುಲೆನ್ಸ್ 2008ರಿಂದ ಇದೆ, ಕರೆದರೆ ಬರತ್ತೆ, ಟಾರು ರಸ್ತೆಯವರೆಗೆ. ಅಲ್ಲಿಯವರೆಗೆ ಮನುಷ್ಯರನ್ನ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗಬೇಕು. ಹೊರೋರಿಗೆ ಪ್ರಾಯ ಇರಬೇಕು. ಆ ಪ್ರಾಯದವರು ನಾವೆಲ್ಲ ಬೆಂಗಳೂರಿನಲ್ಲಿದ್ದೀವಿ. ರಾತ್ರಿ ಹನ್ನೊಂದಕ್ಕೆ ಮನೆಯಿಂದ ಫೋನ್ ಬಂದರೆ ತೆಗೆಯೋ ಮೊದಲು ಒಂದು ಕ್ಷಣ ಕೈ ನಿಲ್ಲತ್ತೆ, ಗೊತ್ತಿರೋರಿಗೆ ಗೊತ್ತು. 700 ಮಿಲಿಮೀಟರ್ ನೀರಿನಲ್ಲಿ ಇಳಿದು ಹೋಗತ್ತೆ ಅಂತ ಹೈಲಕ್ಸಿನ ಕಾಗದದಲ್ಲಿ ಓದಿದಾಗ ನನ್ನ ಕಣ್ಣ ಮುಂದೆ ಬಂದಿದ್ದು ಜಾಹೀರಾತಿನ ಹೊಳೆ ಅಲ್ಲ, ನಮ್ಮ ಹಳ್ಳ.

ಆದರೆ ಆಮೇಲೆ ಲೆಕ್ಕ ಮುಂದುವರಿಸಲೇಬೇಕಲ್ಲ. ಆ ರಾತ್ರಿ ಗಾಡಿ ಎಲ್ಲಿರತ್ತೆ? ನನ್ನ ಜೊತೆ ಬೆಂಗಳೂರಿನ ಬೇಸ್‌ಮೆಂಟಿನಲ್ಲಿ, ಆರೇಳು ಗಂಟೆ ದೂರದಲ್ಲಿ. ಕೆಸರು ಅಪ್ಪಯ್ಯನ ಜೊತೆ ಊರಲ್ಲಿ, ಕೆಸರಿಗೆ ಹುಟ್ಟಿದ ಗಾಡಿ ನನ್ನ ಜೊತೆ ಇಲ್ಲಿ. ಊರಲ್ಲೇ ಬಿಟ್ಟು ಬರೋಣ ಅಂದರೆ, ಜೀವನಪೂರ್ತಿ ಸುವೇಗಾ, ಆಮೇಲೆ ಟಿವಿಎಸ್ ಓಡಿಸಿದ ಅಪ್ಪಯ್ಯ ಎದೆನೋವು ಬಂದ ರಾತ್ರಿ ಐದು ಮೀಟರಿನ ಗಾಡಿಯನ್ನ ಹಳ್ಳಕ್ಕೆ ಇಳಿಸಬೇಕಾ?

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಆ 700 ಮಿಲಿಮೀಟರ್ ನೀರು ಅಂದ್ರೆ ಒಂದನೇ ಕ್ಲಾಸಿನ ಮಗುವಿನ ಸೊಂಟದವರೆಗೆ. ಅದೇ ಹಳ್ಳದ ಮೇಲೆ ಅಡಿಕೆಮರ ಅಡ್ಡ ಹಾಕಿದ ಕಾಲುಸಂಕ ಇದೆ. ನಮ್ಮ ಕೇರಿಯ ಐದು ಮಕ್ಕಳು ಮಳೆಗಾಲದಲ್ಲಿ ಅದರ ಮೇಲೆ ಶಾಲೆಗೆ ಹೋಗ್ತಾವೆ. ಮಲೆನಾಡು, ಕರಾವಳಿ ಕಡೆ ಕಾಲುಸಂಕ ದಾಟುವಾಗ ಮಕ್ಕಳು ಜಾರಿ ಬಿದ್ದು ಕೊಚ್ಚಿಹೋದ ಸುದ್ದಿ ನೀವು ಪೇಪರಿನಲ್ಲಿ ಓದಿರ್ತೀರಿ. ನಾನು ಗಾಡಿ ಕೊಂಡರೆ ನನಗೆ ಹಳ್ಳ ಇಲ್ಲವಾಗತ್ತೆ. ಅವಕ್ಕೆ ಇದ್ದ ಹಾಗೇ ಇರತ್ತೆ.

ನಮ್ಮಂಥ ದಾರಿಗಳು ಯಾಕೆ ಹಾಗೇ ಉಳಿದಿವೆ ಅಂತ ಹುಡುಕಿದೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದಲ್ಲಿ ಶುರುವಾದಾಗ ಬಯಲು ಪ್ರದೇಶದಲ್ಲಿ 500 ಜನ ಇರೋ ಜನವಸತಿಗೆ ರಸ್ತೆ ಅಂತ ನಿಯಮ ಮಾಡಿದರು. ಗುಡ್ಡಗಾಡು ರಾಜ್ಯಗಳಿಗೆ 250. ಕರ್ನಾಟಕ ಗುಡ್ಡಗಾಡು ರಾಜ್ಯದ ಪಟ್ಟಿಯಲ್ಲಿಲ್ಲ. ಮಲೆನಾಡಿನಲ್ಲಿ ಮನೆಗಳು ಗುಂಪಾಗಿ ಇರಲ್ಲ. ತೋಟಕ್ಕೊಂದು ಮನೆ, ಗುಡ್ಡಕ್ಕೆರಡು ಮನೆ. ಏಳು ಮನೆಯವರು ಎಷ್ಟು ತಲೆ ಎಣಿಸಿದರೂ 500 ಆಗಲ್ಲ. ಹಾಗಂತ ಬಾಗಿಲು ಮುಚ್ಚಿಲ್ಲ. ರಾಜ್ಯದ ಯೋಜನೆಗಳಿವೆ, ಉದ್ಯೋಗ ಖಾತ್ರಿಯಲ್ಲಿ ಗ್ರಾಮೀಣ ರಸ್ತೆ, ಮೋರಿಯ ಕೆಲಸ ಮಾಡಿಸೋಕೆ ಅವಕಾಶ ಇದೆ. ಅದಕ್ಕೆ ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ನಿಂತು ಕೇಳಬೇಕು, ಕ್ರಿಯಾಯೋಜನೆಗೆ ಸೇರಿಸಬೇಕು, ಸೇರಿಸಿದ್ದನ್ನ ತೆಗೆಯದ ಹಾಗೆ ಬೆನ್ನು ಹತ್ತಬೇಕು. ಅರ್ಜಿ ಬರೆಯೋಕೆ ಬರೋರು, ನಿಯಮ ಓದೋಕೆ ಬರೋರು, ಅಧಿಕಾರಿ ಎದುರು ಕೂತು ಮಾತಾಡೋಕೆ ಹೆದರದೋರು ಅದನ್ನ ಮಾಡಬೇಕು. ಅಂದ್ರೆ ಯಾರು? 34 ಲಕ್ಷದ ಗಾಡಿಗೆ ಕಂತು ಕಟ್ಟೋ ಯೋಗ್ಯತೆ ಇರೋ ನಮ್ಮಂಥವರೇ.

ಈ ಗಾಡಿಯ ಬಗ್ಗೆ ನನಗಿರೋ ದೊಡ್ಡ ಆಕ್ಷೇಪ ಅದು. ಕೆಟ್ಟ ದಾರಿಯ ಕಷ್ಟ ಏಳು ಮನೆಯದು. ಅದನ್ನ ಒಂದು ಮನೆ ದುಡ್ಡು ಕೊಟ್ಟು ದಾಟಿಬಿಟ್ಟರೆ ಉಳಿದ ಆರು ಮನೆಗೆ ದಾರಿಯೂ ಇಲ್ಲ, ದಾರಿ ಕೇಳೋ ಬಾಯಿಯೂ ಇಲ್ಲ. ಬೆಂಗಳೂರಿನಲ್ಲಿ ನಾವು ಇದನ್ನ ಮಾಡಿ ನೋಡಿದ್ದೇವೆ. ನೀರು ಬರಲಿಲ್ಲ, ಬೋರು ಹಾಕಿಸಿದೆವು. ಕರೆಂಟು ಹೋಯ್ತು, ಯುಪಿಎಸ್ ತಂದೆವು. ಸರ್ಕಾರಿ ಶಾಲೆ ಸರಿಯಿಲ್ಲ, ಫೀಸು ಕಟ್ಟಿದೆವು. ಪ್ರತಿ ಸಲವೂ ನಮ್ಮ ಕಷ್ಟ ತೀರಿತು, ವ್ಯವಸ್ಥೆ ಇನ್ನಷ್ಟು ಸೊರಗಿತು. ಫೋರ್ ವೀಲ್ ಪಿಕಪ್ಪು ಅಂದ್ರೆ ರಸ್ತೆಗೆ ಹಾಕಿಸಿಕೊಂಡ ಯುಪಿಎಸ್.

ನನ್ನ ಗೆಳೆಯನ ಪಿಕಪ್ಪನ್ನೂ ಇಲ್ಲಿ ನೆನೀಬೇಕು. ಅದು ಎರಡು ಚಕ್ರ ಎಳೆಯೋ ಬಡ ಗಾಡಿ. ಆದರೆ ಅವನ ನಂಬರು ಏಳೂ ಮನೆಯ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿದೆ. ಮದುವೆಗೆ ಪಾತ್ರೆ, ಸೊಸೈಟಿಗೆ ಅಡಿಕೆ, ಹೆರಿಗೆಗೆ ಬಸುರಿ, ಎಲ್ಲದಕ್ಕೂ ಅವನೇ. ಅವನಿಗೂ ಕಂತಿದೆ, ಅದು ತೀರೋದು ನಮ್ಮ ಟ್ರಿಪ್ಪುಗಳಿಂದ. ಬೆಂಗಳೂರಿನ ಮಕ್ಕಳೆಲ್ಲ ಮನೆಗೊಂದು ಪಿಕಪ್ ತಂದರೆ ಅವನು ಗಾಡಿ ಮಾರಿ ಇಲ್ಲಿಗೇ ಬರ್ತಾನೆ, ಯಾವುದಾದರೂ ಆಪ್‌ನಲ್ಲಿ ಟ್ಯಾಕ್ಸಿ ಓಡಿಸೋಕೆ. ಆಮೇಲೆ ಊರಲ್ಲಿ ಹತ್ತು ತಿಂಗಳು ಕವರು ಹೊದ್ದು ನಿಂತ ಗಾಡಿ ಇರಬಹುದು, ಕರೆದರೆ ಬರೋ ಗಾಡಿ ಇರಲ್ಲ.

ಅಪ್ಪಯ್ಯನಿಗೆ ಫೋನಿನಲ್ಲಿ ಬೆಲೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಷ್ಟು ದುಡ್ಡಿಗೆ ಹಳ್ಳಕ್ಕೊಂದು ಮೋರಿ ಹಾಕ್ಸಬಹುದಲ್ಲ ಮಾರಾಯ’ ಅಂದ್ರು. ಅವರದು ತಮಾಷೆಯ ಮಾತು. ನಮ್ಮ ದುಡ್ಡಲ್ಲಿ ಮೋರಿ ಹಾಕಿಸೋದೂ ಒಂಥರಾ ಯುಪಿಎಸ್ಸೇ ಅಂತ ನನಗೆ ಅನ್ನಿಸ್ತು, ಹೇಳಲಿಲ್ಲ. ಮೋರಿ ಪಂಚಾಯ್ತಿಯೇ ಹಾಕಬೇಕು. ಹಾಕಿಸೋಕೆ ಖರ್ಚಾಗೋದು ನಮ್ಮ ರಜೆ.

ಕೊಳ್ಳೋಕೆ ಹೊರಟವರಿಗೆ ನನ್ನದು ಒಂದೇ ಮಾತು. ಕಳೆದ ಒಂದು ವರ್ಷದ ಸೋಮವಾರಗಳನ್ನ ಎಣಿಸಿ. ನಿಮ್ಮ ಬಾಡಿಯಲ್ಲಿ ಏನು ಇರ್ತಿತ್ತು, ಯಾರ ಹೊರೆ ಇರ್ತಿತ್ತು ಅಂತ ಬರೆದುಕೊಳ್ಳಿ. ಪಟ್ಟಿ ಉದ್ದ ಇದ್ದರೆ ಧೈರ್ಯವಾಗಿ ತಗೊಳ್ಳಿ, ಒಳ್ಳೆಯ ಗಾಡಿ. ಪಟ್ಟಿ ಖಾಲಿ ಇದ್ದರೂ ಆಸೆ ತಡೆಯದಿದ್ದರೆ ತಗೊಳ್ಳಿ, ಊರಿನ ಹೆಸರು ಮಾತ್ರ ಹೇಳಬೇಡಿ.

ನನ್ನ ಶೀಟಿಗೆ ಮೊನ್ನೆ ಹೊಸ ಕಾಲಂ ಸೇರಿಸಿದೆ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಮುಂದಿನದು ಗುರುವಾರ ಅಂತೆ. ಎರಡು ದಿನ ರಜೆ ಹಾಕಿದ್ದೇನೆ, ಬುಧವಾರ ರಾತ್ರಿಯ ಬಸ್ಸಿಗೆ ಸೀಟು ಸಿಕ್ಕಿದೆ.